ಮಾರ್ಬಲ್ ಹಿಲ್ ಭವನದ ಆಯವ್ಯಯ

ಒಂದು ಅರಮನೆಯನ್ನು ತೋರಿಸಿ, ಇದು ಸುಂದರವೋ ಅಲ್ಲವೋ ಎಂದು ಕೇಳಿದರೆ, ಮನುಷ್ಯನು ಎಷ್ಟು ಬಗೆಯಲ್ಲಿ ಉತ್ತರವನ್ನು ತಪ್ಪಿಸಿಕೊಳ್ಳಬಹುದೆಂಬುದನ್ನು ಜರ್ಮನ್ ತತ್ತ್ವಜ್ಞನಾದ ಕಾಂಟನು ೧೭೯೦ರಲ್ಲಿ ಪ್ರಕಟವಾದ ತನ್ನ ರಸವಿಮರ್ಶೆಯ ಗ್ರಂಥದ ಆರಂಭದಲ್ಲಿಯೇ ವಿನೋದವಾಗಿ ಎಣಿಸಿದ್ದಾನೆ. ಬರಿಯ ಬೆರಗಿಗಾಗಿ ಮಾಡಿದ ವಸ್ತುಗಳು ತನಗೆ ಒಗ್ಗುವುದಿಲ್ಲವೆಂದು ಒಬ್ಬನು ಹೇಳಬಹುದು. ಪ್ಯಾರಿಸ್ ಪಟ್ಟಣವನ್ನೆಲ್ಲ ನೋಡಿ ಬಂದ ಅಮೆರಿಕದ ಇರೊಕ್ವಾಯ್ ಮುಖಂಡನಂತೆ, ಅಲ್ಲಿಯ ಅಡಿಗೆಯ ಅಂಗಡಿಗಳಿಗಿಂತ ಮಿಗಿಲಾದುದನ್ನು ತಾನು ಕಾಣಲಿಲ್ಲವೆಂದು ಇನ್ನೊಬ್ಬನು ಹೇಳಬಹುದು. ಮತ್ತೊಬ್ಬನು ರೂಸೋವಿನ ಜಾಡನ್ನು ಹಿಡಿದು, ಜನರ ಬೆವರನ್ನು ಇಂತಹ ಅನಾವಶ್ಯಕ ವೈಭವಕ್ಕೆ ಸುರಿಯುವ ದೊಡ್ಡವರ ಡಂಭವನ್ನು ಹಳಿಯಬಹುದು. ಇವೆಲ್ಲವನ್ನೂ ಒಪ್ಪಿಕೊಳ್ಳೋಣ, ಆದರೆ ಕೇಳಿದ ಪ್ರಶ್ನೆಯು ಇದಲ್ಲವೆಂಬುದು ಕಾಂಟನ ಅಭಿಪ್ರಾಯ. ಕಟ್ಟಡದ ರೂಪವು ನೋಡುವವನ ಮನಸ್ಸಿಗೆ ನಿರಪೇಕ್ಷವಾದ ಸಂತೋಷವನ್ನು ಕೊಡುವುದೇ ಇಲ್ಲವೇ ಎಂಬುದೊಂದೇ ಅಲ್ಲಿ ವಿಚಾರ. ಯಾರ ಹಣ, ಯಾರ ಶ್ರಮ, ಯಾರ ಕಣ್ಣೀರು ಎಂಬ ಲೆಕ್ಕವನ್ನು ಬೇರೆ ನ್ಯಾಯಸ್ಥಾನದಲ್ಲಿ ನೋಡಿಕೊಳ್ಳತಕ್ಕದ್ದು.

ಈ ವಿಭಾಗವು ತರ್ಕಕ್ಕೆ ಬಹಳ ಅನುಕೂಲವಾಗಿದೆ. ಆದರೆ ತರ್ಕದ ಅರಮನೆಯನ್ನು ಬಿಟ್ಟು, ಇಟ್ಟಿಗೆ ಗಾರೆಗಳಿಂದ ಕಟ್ಟಿದ ಒಂದು ನಿಜವಾದ ಮನೆಯ ಮುಂದೆ ನಿಂತಾಗ ಅದು ಅಷ್ಟು ಸುಲಭವಾಗಿ ನಿಲ್ಲುವುದೇ ಎಂಬುದು ವಿಚಾರಾರ್ಹವಾದ ವಿಷಯ. ಅಂತಹ ಪರೀಕ್ಷೆಗೆ ತಕ್ಕ ಮನೆಯೊಂದು ಲಂಡನ್ ನಗರದ ಪಶ್ಚಿಮಕ್ಕೆ, ಥೇಮ್ಸ್ ನದಿಯ ಉತ್ತರ ದಡದಲ್ಲಿ, ಟ್ವಿಕನ್‌ಹ್ಯಾಮ್ ಎಂಬಲ್ಲಿದೆ. ಅದರ ಹೆಸರು ಮಾರ್ಬಲ್ ಹಿಲ್. ಹೆಸರಿನಲ್ಲಿ ಅಮೃತಶಿಲೆಯಿದ್ದರೂ ಮನೆಯು ಅಮೃತಶಿಲೆಯದಲ್ಲ. ಅದು ಆ ನೆಲಕ್ಕೆ ಮೊದಲಿನಿಂದ ಬಂದ ಹೆಸರು. ೧೭೨೪ರಿಂದ ೧೭೨೯ರವರೆಗೆ ಕಟ್ಟಲ್ಪಟ್ಟ ಈ ಮನೆಯು, ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಒಬ್ಬರಾದಮೇಲೊಬ್ಬರು ಆಳಿದ ೧೭೧೪-೧೮೩೦ರ ಕಾಲದ ‘ವಿಲ್ಲಾ’ಗಳಲ್ಲಿ ಅತ್ಯಂತ ಶುದ್ಧವಾದ ಮಾದರಿಗಳಲ್ಲೊಂದೆಂದು ಎಣಿಸಲ್ಪಟ್ಟಿದೆ.

ವಿಲ್ಲಾ ಎಂಬುದು ಇಟಲಿಯ ಮಾತು. ಹದಿನಾರನೆಯ ಶತಮಾನದಲ್ಲಿ ವೆನಿಸ್ ರಾಜ್ಯದ ಶ್ರೀಮಂತರಿಗೆ ಹಳ್ಳಿಯ ಮನೆಗಳನ್ನು ಕಟ್ಟಿಕೊಟ್ಟ ಪಲ್ಲಾಡಿಯೋ ಎಂಬ ಶಿಲ್ಪಿಯು ೧೫೭೦ರಲ್ಲಿ ವಾಸ್ತುವನ್ನು ಕುರಿತು ನಾಲ್ಕು ಪುಸ್ತಕಗಳನ್ನು ಪ್ರಕಟಿಸಿದನು. ಅವನ ವಿಲ್ಲಾಗಳು ಬಹುಮಟ್ಟಿಗೆ ಒಕ್ಕಲುತನದ ಮನೆಗಳು. ಕಣಜವೂ ಕೊಟ್ಟಿಗೆಯೂ ಅವುಗಳ ಅಂಗಗಳು. ಇಂಗ್ಲೆಂಡಿನವರು ಆ ಪುಸ್ತಕಗಳನ್ನು ತಂದುಕೊಂಡರು, ಕಣಜವನ್ನು ಅಲ್ಲಿಯೇ ಬಿಟ್ಟರು. ಥೇಮ್ಸ್ ತೀರದ ವಿಲ್ಲಾ ಬೇಸಾಯದ ಮನೆಯಲ್ಲ. ರಾಜಸಭೆಯ ಗದ್ದಲದಿಂದ ತಪ್ಪಿಸಿಕೊಂಡು ಬಂದವರ ವಿಶ್ರಾಂತಿಯ ಮನೆ. ಭೂಮಿಯ ಉತ್ಪತ್ತಿಯಿಂದ ಬಾಳುವ ಮನೆಯ ರೂಪವನ್ನು ಧರಿಸಿ ಬೇರೆಲ್ಲಿಂದಲೋ ಬಂದ ಹಣದಿಂದ ಬಾಳುವ ಮನೆ. ಮುಂದಿನ ವಿಚಾರಕ್ಕೆ ಈ ಅಂಶವು ಮುಖ್ಯ.

ಮಾರ್ಬಲ್ ಹಿಲ್ಲಿನ ಹೊರರೂಪವನ್ನು ಎರಡು ಮಾತಿನಲ್ಲಿ ಹೇಳಬಹುದು. ಮೂರು ಅಂತಸ್ತು, ಸಾಲಿಗೆ ಐದು ಕಿಟಕಿಗಳ ಅಗಲ, ಬಿಳಿಯ ಗಾರೆಯ ಗೋಡೆ, ಮೇಲೆ ಗೋಪುರದಂತೆ ನಾಲ್ಕು ಕಡೆಗೂ ಇಳಿಜಾರಾದ ಮಾಡು. ಉತ್ತರದ ಮುಖದ ನಡುವೆ ನಾಲ್ಕು ಎತ್ತರವಾದ ಅರೆಗಂಬಗಳು, ಅವುಗಳ ಮೇಲೆ ತ್ರಿಕೋಣಾಕಾರದ ಶಿರೋಭಾಗ. ನದಿಯ ಕಡೆಗಿರುವ ದಕ್ಷಿಣದ ಮುಖದಲ್ಲಿ ಆ ಕಂಬಗಳೂ ಇಲ್ಲ. ಶಿರೋಭಾಗ ಮಾತ್ರ ಉಂಟು. ಅಲಂಕಾರವು ಇಷ್ಟೇ. ನೋಡಿದವರಿಗೆ ಮೊದಲು ತೋರುವುದು ಅದರ ಚಿಕ್ಕತನ. ಆಮೇಲೆ ತೋರುವುದು, ಅದರಿಂದ ಒಂದು ಕಿಟಕಿಯನ್ನು ತೆಗೆಯುವಂತೆಯೂ ಇಲ್ಲ, ಒಂದನ್ನು ಸೇರಿಸುವಂತೆಯೂ ಇಲ್ಲ ಎಂಬುದು. ರೋಜರ್ ಮಾರಿಸ್ ಎಂಬ ಕಟ್ಟಡಗಾರನೂ, ಮುಂದೆ ಪೆಂಬ್ರೋಕಿನ ಅರ್ಲ್ ಆದ ಹೆನ್ರಿ ಹರ್ಬರ್ಟನೂ ಸೇರಿ ಇದನ್ನು ರೂಪಿಸಿದರು. ಹರ್ಬರ್ಟನ ಹಿರಿಯರ ಮನೆಯಾದ ವಿಲ್ಟನ್ನಿನಲ್ಲಿ ಘನಾಕಾರದ ಒಂದು ಪ್ರಸಿದ್ಧ ಕೋಣೆಯಿತ್ತು. ಅದರ ನೆನಪು ಮಾರ್ಬಲ್ ಹಿಲ್ಲಿನ ಮೊದಲನೆಯ ಉಪ್ಪರಿಗೆಯಲ್ಲಿ ಮತ್ತೊಮ್ಮೆ ಜನ್ಮವೆತ್ತಿದೆ: ಅಲ್ಲಿಯ ದೊಡ್ಡ ಕೋಣೆಯ ಉದ್ದವು ೨೪ ಅಡಿ, ಅಗಲವು ೨೪ ಅಡಿ, ಎತ್ತರವು ೨೪ ಅಡಿ. ಆ ಎತ್ತರಕ್ಕಾಗಿ ಕೋಣೆಯ ಮಾಳಿಗೆಯು ಮೇಲಿನ ಅಂತಸ್ತಿನೊಳಕ್ಕೂ ಚಾಚಿಕೊಂಡಿದೆ. ಬಿಳಿಯ ಗೋಡೆ, ಬಂಗಾರದ ಮುಲಾಮಿನ ಕೆತ್ತನೆ, ಮೂರು ಕಿಟಕಿಗಳಲ್ಲಿ ನದಿ. ಕೆಳಗಿನ ನಡುಮನೆಯಲ್ಲಿ ನಾಲ್ಕು ಕಂಬಗಳಿವೆ. ರೋಮನ್ನರ ಮನೆಗಳ ನಡುವಣ ಅಂಗಳವನ್ನು ಇವು ನೆನಪಿಗೆ ತರಬೇಕೆಂಬುದು ಕಟ್ಟಿದವರ ಆಶಯ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದರ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂಗ್ಲೆಂಡಿನ ಮಳೆಗೆ ಹೆದರಿ ಮೇಲೆ ಮಾತ್ರ ಮುಚ್ಚಿದ್ದಾರೆ. ಆ ನಡುಮನೆಯ ಪಕ್ಕದಿಂದ ಮಹಾಗನಿ ಮರದ ಮೆಟ್ಟಲು ದೊಡ್ಡ ಕೋಣೆಯ ಕಡೆಗೆ ಏರುತ್ತದೆ.

ಈ ಅಳತೆಗಳು ಬರಿಯ ಅಳತೆಗಳಾಗಿದ್ದರೆ ಕಾಂಟನ ವಿಭಾಗವನ್ನು ಒಪ್ಪಿಕೊಂಡು ಸುಮ್ಮನಿರಬಹುದಾಗಿತ್ತು. ಆದರೆ ಆ ಕಾಲದವರು ಅವುಗಳನ್ನು ಹಾಗೆ ಭಾವಿಸಲಿಲ್ಲ. ಷಾಫ್ಟ್ಸ್‌ಬರಿಯ ಅರ್ಲನು ೧೭೧೧ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸೌಂದರ್ಯವೂ ಒಳ್ಳೆಯತನವೂ ಒಂದೇ ಎಂದು ಸಾಧಿಸಿದ್ದನು. ಅಂಗಸಾಮರಸ್ಯವನ್ನು ಗ್ರಹಿಸುವ ಮನಸ್ಸೇ ನಡತೆಯ ಸಾಮರಸ್ಯವನ್ನೂ ಗ್ರಹಿಸುವುದೆಂದು ಅವನ ನಂಬಿಕೆ. ಮಾರ್ಬಲ್ ಹಿಲ್ಲಿನ ಗೋಡೆಗಳು ಏಳುತ್ತಿದ್ದಾಗಲೇ, ೧೭೨೫ರಲ್ಲಿ, ಫ್ರಾನ್ಸಿಸ್ ಹಚಿಸನ್ನನು ಸೌಂದರ್ಯ ಮತ್ತು ಸದ್ಗುಣಗಳ ಮೂಲವನ್ನು ಒಂದೇ ಪುಸ್ತಕದಲ್ಲಿ ವಿಚಾರಿಸಿ, ವೈವಿಧ್ಯದೊಳಗಿನ ಏಕರೂಪತೆಯೇ ಸೌಂದರ್ಯಕ್ಕೆ ಕಾರಣವೆಂದು ನಿರ್ಣಯಿಸಿದನು. ಹೆಚ್ಚು ಬಾಗು ಬಳುಕುಗಳಿಂದ ತುಂಬಿದ ಹಿಂದಿನ ಕಾಲದ ಕಟ್ಟಡಗಳನ್ನು ಈ ಹೊಸ ಮತದವರು ತಳ್ಳಿಹಾಕಿದ್ದು ಬರಿಯ ಅಭಿರುಚಿಯ ಮಾತಾಗಿರಲಿಲ್ಲ. ಅದು ನೀತಿಯ ಮಾತೂ ಆಗಿತ್ತು. ಅವರ ದೃಷ್ಟಿಯಲ್ಲಿ ನೆಟ್ಟಗಿನ ಗೋಡೆಯು ನೆಟ್ಟಗಿನ ಬಾಳಿನ ಗುರುತು. ಪಲ್ಲಾಡಿಯೋವಿನ ಮನೆಯನ್ನು ಕಟ್ಟಿದವನು ತಾನು ಮಿತವನ್ನು ಬಲ್ಲವನು, ಸ್ವತಂತ್ರನು, ನ್ಯಾಯವಂತನು ಎಂದು ಲೋಕಕ್ಕೆ ಸಾರಿದಂತಾಯಿತು. ಹೀಗೆ ಈ ಮನೆಗಳು ತಾವಾಗಿಯೇ ಧರ್ಮದ ನ್ಯಾಯಸ್ಥಾನಕ್ಕೆ ನಡೆದು ಬಂದು ಸಾಕ್ಷಿ ನುಡಿದಿವೆ. ತಾನಾಗಿ ಸಾಕ್ಷಿಕಟ್ಟೆಯನ್ನು ಹತ್ತಿದವನನ್ನು ಪಾಟೀಸವಾಲು ಮಾಡಬಾರದೆಂದು ಹೇಳುವುದು ಹೇಗೆ?

ವಾಸ್ತುಶಾಸ್ತ್ರದಲ್ಲಿ ಮನೆಯ ಉದ್ದಗಲಗಳಿಂದಲೇ ಅದರ ಆಯವನ್ನೂ ವ್ಯಯವನ್ನೂ ಗಣಿಸುವ ಪದ್ಧತಿಯುಂಟು. ಆಯವು ವ್ಯಯಕ್ಕಿಂತ ಹೆಚ್ಚಾಗಿರಬೇಕೆಂದು ವಿಧಿ. ಆ ಗಣಿತವನ್ನು ಇಂದು ಯಾರು ಎಷ್ಟು ನಂಬುವರೋ ಅದು ಬೇರೆ ಮಾತು. ಅಳತೆಯ ಹಿಂದೆ ಒಂದು ಲೆಕ್ಕವಿದೆ, ಆ ಲೆಕ್ಕವನ್ನು ಕೇಳದೆ ಮನೆಯನ್ನು ಒಪ್ಪಿಕೊಳ್ಳಬಾರದು ಎಂಬ ಭಾವನೆ ಮಾತ್ರ ಗೌರವಾರ್ಹವಾದುದು. ಮಾರ್ಬಲ್ ಹಿಲ್ಲಿನ ಲೆಕ್ಕವನ್ನು ತೆರೆದರೆ ಮೊದಲು ಕಾಣುವುದು ಒಬ್ಬ ಹೆಂಗಸಿನ ದುಃಖ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಹೆನ್ರಿಯೆಟಾ ಹೋವರ್ಡಳ ಪಾಲಿಗೆ ತಿರುಗುಮುರುಗಾಗಿ ಬಂದಿತು. ೧೬೮೯ರಲ್ಲಿ ಹುಟ್ಟಿದ ಈಕೆಯ ತಂದೆಯು ದ್ವಂದ್ವಯುದ್ಧದಲ್ಲಿ ಮಡಿದನು. ತಾಯಿಯೂ ಬೇಗನೆ ತೀರಿಕೊಂಡಳು. ೧೭೦೬ರಲ್ಲಿ ಆಕೆಯ ಕೈಹಿಡಿದ ಚಾರ್ಲ್ಸ್ ಹೋವರ್ಡನು ಅರ್ಲನೊಬ್ಬನ ಕಿರಿಯ ಮಗ. ಕುಡುಕ, ಜೂಜುಗಾರ, ಹೆಂಡತಿಯನ್ನು ಹೊಡೆಯುವವನು. ಸಾಲಗಾರರಿಗೆ ಹೆದರಿ ದಂಪತಿಗಳು ಹೆಸರು ಮರೆಸಿಕೊಂಡು ಬಾಡಿಗೆಯ ಕೋಣೆಗಳಲ್ಲಿ ದಿನ ಕಳೆಯಬೇಕಾಯಿತು. ಹಣವಿಲ್ಲದಾಗ ಆಕೆಯು ತನ್ನ ನೀಳವಾದ ಕೂದಲನ್ನು ಕತ್ತರಿಸಿ ಮಾರಲು ಮುಂದಾದಳೆಂದು ಒಂದು ಕಥೆಯುಂಟು. ಮುಂದೆ ಇಂಗ್ಲೆಂಡಿನ ಸಿಂಹಾಸನಕ್ಕೆ ಬರಲಿದ್ದ ಹಾನೋವರಿನ ರಾಜಮನೆತನದ ಆಶ್ರಯವನ್ನು ಹುಡುಕಿಕೊಂಡು ಇಬ್ಬರೂ ಜರ್ಮನಿಗೆ ಹೋದರು. ೧೭೧೪ರಲ್ಲಿ ಆ ಮನೆತನವು ಪಟ್ಟಕ್ಕೆ ಬಂದಾಗ ಹೆನ್ರಿಯೆಟಾ ಯುವರಾಣಿಯ ಪರಿಚಾರಿಕೆಯಾದಳು. ಕೆಲವು ವರ್ಷಗಳ ತರುವಾಯ ಯುವರಾಜನ, ಎಂದರೆ ಮುಂದೆ ಎರಡನೆಯ ಜಾರ್ಜ್ ಆದವನ, ಪ್ರಣಯಿನಿಯಾದಳು. ಇದರಲ್ಲಿ ಪ್ರೇಮವೆಷ್ಟು, ರಕ್ಷಣೆಯ ಆಸೆಯೆಷ್ಟು ಎಂದು ಇಂದು ಅಳೆಯುವುದು ವ್ಯರ್ಥ. ಒಬ್ಬನೇ ಮಗನನ್ನು ಗಂಡನು ತನ್ನ ಬಳಿಯಲ್ಲಿಯೇ ಇಟ್ಟುಕೊಂಡು ತಾಯಿಗೆ ವೈರಿಯನ್ನಾಗಿ ಬೆಳೆಯಿಸಿದನು. ಇಷ್ಟರೊಳಗೆ ಆಕೆಗೆ ಕಿವಿಯೂ ಮಂದವಾಗುತ್ತ ಬಂದಿತ್ತು.

ಆಗಿನ ಆಂಗ್ಲ ಕಾನೂನಿನಂತೆ ಗಂಡಹೆಂಡಿರು ಒಂದೇ ವ್ಯಕ್ತಿ. ಆ ಒಂದು ವ್ಯಕ್ತಿಯು ಗಂಡ. ಹೆಂಡತಿಯ ಕೈಗೆ ಬಂದ ಹಣವು ಗಂಡನ ಹಣ. ಸ್ತ್ರೀಧನವೆಂಬ ಭಾವನೆಗೆ ಅಲ್ಲಿ ಸುಲಭವಾಗಿ ಎಡೆಯಿರಲಿಲ್ಲ. ಮದುವೆಯಾದ ಹೆಂಗಸಿನ ಆಸ್ತಿಯು ಪೂರ್ಣವಾಗಿ ಅವಳದೇ ಎಂಬ ಶಾಸನವು ಬಂದದ್ದು ೧೮೮೨ರಲ್ಲಿ. ಆದುದರಿಂದ ೧೭೨೩ರಲ್ಲಿ ಯುವರಾಜನು ಆಕೆಗೆ ಷೇರುಗಳನ್ನೂ ಆಭರಣಗಳನ್ನೂ ಪೀಠೋಪಕರಣಗಳನ್ನೂ ಕೊಟ್ಟಾಗ, ಅದು ಗಂಡನ ಕೈಗೆ ಸೇರದಂತೆ ಧರ್ಮದರ್ಶಿಗಳನ್ನು ನೇಮಿಸಿ ಬಿಗಿಯಾದ ದಸ್ತಾವೇಜನ್ನು ಬರೆಯಿಸಬೇಕಾಯಿತು. ಷೇರುಗಳ ಬೆಲೆ ೧೧,೫೦೦ ಪೌಂಡು. ಮಾರ್ಬಲ್ ಹಿಲ್ಲಿನ ತಳಹದಿಯು ಆ ದಸ್ತಾವೇಜಿನ ಮೇಲೆ ನಿಂತಿದೆ. ೧೭೨೮ರಲ್ಲಿ ಗಂಡನಿಂದ ವಿಧ್ಯುಕ್ತವಾದ ಬೇರ್ಪಾಡು ದೊರೆಯಿತು. ೧೭೩೩ರಲ್ಲಿ ಅವನು ಸತ್ತನು. ಮರುವರ್ಷ ಆಕೆಯು ರಾಜಸಭೆಯನ್ನು ಬಿಟ್ಟು ಈ ಮನೆಗೆ ಬಂದಳು. ೧೭೩೫ರಲ್ಲಿ ಜಾರ್ಜ್ ಬರ್ಕ್‌ಲಿ ಎಂಬ ಸಜ್ಜನನನ್ನು ಮದುವೆಯಾಗಿ ಹನ್ನೊಂದು ವರ್ಷ ಸುಖವಾಗಿದ್ದಳು. ಕವಿ ಪೋಪನು ತೋಟದ ಯೋಜನೆಗೆ ಸಲಹೆ ಕೊಟ್ಟನು. ಸ್ವಿಫ್ಟನೂ ಗೇ ಎಂಬ ಕವಿಯೂ ಬಂದು ಹೋಗುತ್ತಿದ್ದರು. ಮುಪ್ಪಿನಲ್ಲಿ ನೆರೆಯವನಾದ ಹೊರೇಸ್ ವಾಲ್ಪೋಲನು ಆಕೆಯಿಂದ ಹಳೆಯ ಸಭೆಯ ಸುದ್ದಿಗಳನ್ನು ಕೇಳಿ ಬರೆದಿಟ್ಟುಕೊಂಡನು. ೧೭೬೭ರಲ್ಲಿ ಈ ಮನೆಯಲ್ಲಿಯೇ ಆಕೆಯು ಕೊನೆಯುಸಿರೆಳೆದಳು. ದೊಡ್ಡ ಕೋಣೆಯ ನಾಲ್ಕು ಗೋಡೆಗಳು ಒಂದೇ ಅಳತೆಯವಾಗಿರುವುದರಲ್ಲಿ, ಹದಿನೇಳನೆಯ ವಯಸ್ಸಿನಿಂದ ಒಂದು ಸಮವಾದ ದಿನವನ್ನು ಕಾಣದವಳ ನೆಮ್ಮದಿಯನ್ನು ಓದಬಹುದು. ಆ ಓದು ಸುಳ್ಳಲ್ಲ.

ಆದರೆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪುಟವಿದೆ. ಯುವರಾಜನು ಕೊಟ್ಟ ಷೇರುಗಳು ಸೌತ್ ಸೀ ಕಂಪನಿಯವು. ೧೭೨೦ರಲ್ಲಿ ಗುಳ್ಳೆಯಂತೆ ಉಬ್ಬಿ ಒಡೆದು ಸಾವಿರಾರು ಮನೆಗಳನ್ನು ಹಾಳುಮಾಡಿದ ಕಂಪನಿಯೆಂದು ಅದನ್ನು ಚರಿತ್ರೆಯ ಪುಸ್ತಕಗಳು ಹೆಸರಿಸುತ್ತವೆ. ಅದರ ವ್ಯಾಪಾರವೇನೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ೧೭೧೩ರಲ್ಲಿ ಸ್ಪೇನಿನೊಡನೆ ಆದ ಒಪ್ಪಂದದಂತೆ, ಅಮೆರಿಕದ ಸ್ಪ್ಯಾನಿಷ್ ವಸಾಹತುಗಳಿಗೆ ಆಫ್ರಿಕದಿಂದ ಗುಲಾಮರನ್ನು ಒದಗಿಸುವ ಏಕಸ್ವಾಮ್ಯವು ಬ್ರಿಟನ್ನಿಗೆ ದೊರೆತು ಈ ಕಂಪನಿಯ ಕೈಗೆ ಬಂದಿತು: ವರ್ಷಕ್ಕೆ ೪,೮೦೦ ‘ಮಾನ’ದಂತೆ ೩೦ ವರ್ಷ. ಮಾನವೆಂದರೆ ಏನು? ಗಟ್ಟಿಮುಟ್ಟಾದ ಒಬ್ಬ ಯುವಕನು ಒಂದು ಮಾನ. ವಯಸ್ಸಾದವರೂ ದುರ್ಬಲರೂ ಮಕ್ಕಳೂ ಆ ಮಾನದ ಭಿನ್ನಾಂಶಗಳು. ಪಲ್ಲಾಡಿಯೋವಿನ ಶಿಷ್ಯರು ಕೋಣೆಯ ಉದ್ದಕ್ಕೂ ಅಗಲಕ್ಕೂ ಎರಡಕ್ಕೆ ಮೂರು, ಮೂರಕ್ಕೆ ನಾಲ್ಕು ಎಂದು ಪ್ರಮಾಣಗಳನ್ನು ನಿಶ್ಚಯಿಸುತ್ತಿದ್ದ ಕಾಲದಲ್ಲಿಯೇ, ಅದೇ ಪಟ್ಟಣದ ಇನ್ನೊಂದು ಕಛೇರಿಯಲ್ಲಿ ಮಕ್ಕಳಿಗೂ ತಾಯಂದಿರಿಗೂ ಪ್ರಮಾಣಗಳು ನಿಶ್ಚಯವಾಗುತ್ತಿದ್ದವು.

ಮಹಾಗನಿಯ ಮೆಟ್ಟಲಿನ ವಿಷಯವೂ ಹೀಗೆಯೇ. ಅಮೆರಿಕದ ಬ್ರಿಟಿಷ್ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ೧೭೨೧ರಲ್ಲಿ ತೆಗೆದುಹಾಕಿದಮೇಲೆ ಈ ಮರವು ಇಂಗ್ಲೆಂಡಿಗೆ ಹೆಚ್ಚು ಹೆಚ್ಚಾಗಿ ಬರತೊಡಗಿತು. ಮನೆಯೊಳಗಿನ ಮೆಟ್ಟಲಿಗೆ ಅದನ್ನು ಬಳಸಿದ ಮೊದಮೊದಲಿನ ಮನೆಗಳಲ್ಲಿ ಇದೊಂದು. ದೊರೆಯು ಈ ಮರಕ್ಕಾಗಿ ಹಡಗಿನ ಕಪ್ತಾನನೊಬ್ಬನಿಗೆ ಅಪ್ಪಣೆ ಕೊಟ್ಟನೆಂದೂ, ಅದರಿಂದ ಸ್ಪೇನಿನೊಡನೆ ಯುದ್ಧವೇ ಆಗುವುದರಲ್ಲಿತ್ತೆಂದೂ ಒಂದು ಕಥೆಯನ್ನು ಹೇಳುವುದುಂಟು. ಕೇಳಲು ರಮ್ಯವಾದ ಕಥೆ. ಅದರಲ್ಲಿ ದೊರೆಯಿದ್ದಾನೆ, ಕಪ್ತಾನನಿದ್ದಾನೆ, ಕೊಡಲಿಯನ್ನು ಹಿಡಿದವನು ಮಾತ್ರ ಇಲ್ಲ. ಕೆರಿಬಿಯನ್ ದ್ವೀಪಗಳಲ್ಲಿಯೂ ಮಧ್ಯ ಅಮೆರಿಕದ ತೀರದಲ್ಲಿಯೂ ಮಹಾಗನಿಯನ್ನು ಕಡಿಯುತ್ತಿದ್ದವರು ಆಫ್ರಿಕದಿಂದ ಒಯ್ದ ಗುಲಾಮರು. ಮುಂದಿನ ಕಾಲದವರು ಬರೆದಿಟ್ಟ ವರ್ಣನೆಗಳಿಂದ ಆ ಕೆಲಸದ ಸ್ವರೂಪವು ತಿಳಿಯುತ್ತದೆ. ಮಹಾಗನಿಯು ತೋಪಾಗಿ ಬೆಳೆಯುವ ಮರವಲ್ಲ. ದಟ್ಟವಾದ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ನಿಂತಿರುತ್ತದೆ. ಅನುಭವಶಾಲಿಯಾದ ಒಬ್ಬನು ಎತ್ತರದ ಮರವನ್ನೇರಿ, ಎಲೆಗಳ ಬಣ್ಣದಿಂದಲೇ ಅದನ್ನು ದೂರದಿಂದ ಗುರುತಿಸಿ ದಾರಿ ತೋರಿಸಬೇಕು. ಬುಡದ ಬೇರುಗೋಡೆಗಳು ದಪ್ಪವಾಗಿರುವುದರಿಂದ ನೆಲದಿಂದ ಹತ್ತು ಹನ್ನೆರಡು ಅಡಿಗಳ ಮೇಲೆ ಅಟ್ಟವನ್ನು ಕಟ್ಟಿ, ಅದರ ಮೇಲೆ ನಿಂತು ಕೊಡಲಿ ಬೀಸಬೇಕು. ಹಗಲಿನ ಬಿಸಿಲನ್ನು ಎತ್ತುಗಳು ತಾಳವೆಂದು ರಾತ್ರಿ ಪಂಜಿನ ಬೆಳಕಿನಲ್ಲಿ ದಿಮ್ಮಿಗಳನ್ನು ಎಳೆಯಿಸಿ ಹೊಳೆಯ ದಡಕ್ಕೆ ತರಬೇಕು. ಮಳೆಗಾಲದ ನೆರೆ ಬಂದಾಗ ಸಮುದ್ರದ ಕಡೆಗೆ ತೇಲಿಬಿಡಬೇಕು. ಎತ್ತುಗಳಿಗೆ ಬಿಸಿಲಾಗುವುದೆಂಬ ವಿವೇಕವು ಅಲ್ಲಿ ಇತ್ತೆಂಬುದನ್ನು ಗಮನಿಸಬೇಕು.

ರಸ್ಕಿನ್ನನು ೧೮೫೩ರಲ್ಲಿ ವೆನಿಸ್ಸಿನ ಕಟ್ಟಡಗಳನ್ನು ಕುರಿತು ಬರೆಯುತ್ತ, ಇಂತಹ ಕುಂದಿಲ್ಲದ ಪ್ರಮಾಣಬದ್ಧ ಶಿಲ್ಪವನ್ನೇ ದಾಸ್ಯದ ಚಿಹ್ನೆಯೆಂದು ಖಂಡಿಸಿದನು: ಎಲ್ಲಿ ಕೆಲಸಗಾರನಿಗೆ ತಪ್ಪು ಮಾಡುವ ಅಧಿಕಾರವಿಲ್ಲವೋ ಅಲ್ಲಿ ಅವನು ಮನುಷ್ಯನಾಗಿರದೆ ಉಪಕರಣವಾಗುತ್ತಾನೆಂಬುದು ಅವನ ವಾದ. ಉದಾತ್ತವಾದ ವಾದವೇ ಸರಿ. ಆದರೂ ಅದು ಮಾರ್ಬಲ್ ಹಿಲ್ಲಿಗೆ ಸಾಲದು. ರಸ್ಕಿನ್ನನ ಕಣ್ಣು ಉಳಿಯನ್ನು ಹಿಡಿದವನ ಮೇಲಿದೆ. ಮಾರ್ಬಲ್ ಹಿಲ್ಲಿನಲ್ಲಿ ಉಳಿಯನ್ನು ಹಿಡಿದ ಜೇಮ್ಸ್ ರಿಚರ್ಡ್ಸನಿಗೆ ಕೂಲಿಯೂ ಇತ್ತು, ಹೆಸರೂ ಉಳಿದಿದೆ. ನಿಜವಾದ ದಾಸನು ಆ ಮನೆಯನ್ನು ಕಾಣಲೇ ಇಲ್ಲ. ಗೋಡೆಯನ್ನು ಎಷ್ಟು ಪರೀಕ್ಷಿಸಿದರೂ, ಅದು ಬಳುಕಿರಲಿ ನೆಟ್ಟಗಿರಲಿ, ಅವನ ಗುರುತು ಅದರಲ್ಲಿ ದೊರೆಯದು. ಗೋಡೆಯನ್ನು ನೋಡಿ ನೀತಿಯನ್ನು ಓದಬಹುದೆಂದು ನಂಬಿದವರಲ್ಲಿ ಷಾಫ್ಟ್ಸ್‌ಬರಿಯಂತೆಯೇ ರಸ್ಕಿನ್ನನೂ ಒಬ್ಬನು. ಒಬ್ಬನು ಗುಣವನ್ನು ಓದಿದನು, ಇನ್ನೊಬ್ಬನು ದೋಷವನ್ನು ಓದಿದನು. ಹಚಿಸನ್ನನು ಇವರಿಬ್ಬರಿಗಿಂತ ಒಂದು ಹೆಜ್ಜೆ ಮುಂದೆ ಹೋದನೆನ್ನಬೇಕು. ಅವನ ಮರಣಾನಂತರ ೧೭೫೫ರಲ್ಲಿ ಹೊರಬಂದ ನೀತಿಶಾಸ್ತ್ರದ ಗ್ರಂಥದಲ್ಲಿ ಗುಲಾಮಗಿರಿಯನ್ನು ಸಮರ್ಥಿಸುವ ವಾದಗಳನ್ನು ಅವನು ನೇರವಾಗಿ ಖಂಡಿಸಿದ್ದಾನೆ. ಆ ಖಂಡನೆಗೆ ಅವನಿಗೆ ಕಟ್ಟಡದ ಪ್ರಮಾಣಗಳು ಬೇಕಾಗಲಿಲ್ಲ.

ಇಷ್ಟಕ್ಕೆ, ಆ ಹೆಂಗಸು ಅಪರಾಧಿಯೇ ಎಂಬ ಪ್ರಶ್ನೆಯು ಬರುತ್ತದೆ. ಲಂಡನ್ನಿನ ಇನ್ನೊಂದು ಅಂಚಿನಲ್ಲಿ, ಬೆಕ್ಸ್‌ಲಿಯ ಬಳಿ, ಡ್ಯಾನ್ಸನ್ ಎಂಬ ಇನ್ನೊಂದು ಸುಂದರವಾದ ಜಾರ್ಜಿಯನ್ ವಿಲ್ಲಾ ಇದೆ. ರಾಬರ್ಟ್ ಟೇಲರ್ ಎಂಬ ಶಿಲ್ಪಿಯು ೧೭೬೦ರ ದಶಕದಲ್ಲಿ ಅದನ್ನು ಜಾನ್ ಬಾಯ್ಡ್ ಎಂಬವನಿಗಾಗಿ ಕಟ್ಟಿದನು. ಬಾಯ್ಡನು ಸಕ್ಕರೆಯ ವ್ಯಾಪಾರಿ. ಆಫ್ರಿಕದ ಪಶ್ಚಿಮ ತೀರದ ಬ್ಯಾನ್ಸ್ ದ್ವೀಪದಲ್ಲಿ ಗುಲಾಮರನ್ನು ಕೂಡಿಹಾಕಿ ಮಾರುತ್ತಿದ್ದ ಕೋಟೆಯಲ್ಲಿ ಪಾಲುದಾರ. ಅಲ್ಲಿ ತೀರ್ಪು ಕಷ್ಟವಲ್ಲ. ಮಾರ್ಬಲ್ ಹಿಲ್ಲಿನ ಒಡತಿಯಾದರೋ ತಾನೇ ಒಂದು ಬಗೆಯ ದಾಸ್ಯದಿಂದ ತಪ್ಪಿಸಿಕೊಂಡು ಬಂದವಳು. ಷೇರುಗಳನ್ನು ಆರಿಸಿಕೊಂಡವಳೂ ಅಲ್ಲ, ಬಂದುದನ್ನು ಹಿಡಿದವಳು. ಬಿಡುಗಡೆಗೆ ಬೇರೆ ಬಾಗಿಲು ಆಕೆಗೆ ತೆರೆದಿರಲಿಲ್ಲ. ಹಾಗೆಂದು, ಆಕೆಯ ಕಷ್ಟವು ಆ ಹಣವನ್ನು ತೊಳೆದು ಶುದ್ಧಮಾಡಿತೆಂದು ಹೇಳಬಹುದೇ? ಗಂಡನ ಪೆಟ್ಟನ್ನು ತಿಂದ ಒಬ್ಬಳ ಬೆನ್ನು, ಚಾವಟಿಯ ಪೆಟ್ಟನ್ನು ತಿಂದ ಇನ್ನೊಬ್ಬಳ ಬೆನ್ನಿಗೆ ಪರಿಹಾರವಾಗಲಾರದು. ಒಪ್ಪಂದದ ಸಂಗತಿಯು ಗುಟ್ಟಿನದೂ ಆಗಿರಲಿಲ್ಲ. ರಾಷ್ಟ್ರಗಳ ನಡುವಣ ಸಂಧಿಪತ್ರದಲ್ಲಿ ಅಚ್ಚಾದ ವಿಷಯ.

ಇಲ್ಲಿ ಪಾಪ, ಋಣ ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹಿಡಿಯುವುದು ಉಪಯುಕ್ತ. ಪಾಪವು ಮಾಡಿದವನನ್ನು ಹತ್ತುತ್ತದೆ. ಋಣವು ಉಂಡವನನ್ನು ಹತ್ತುತ್ತದೆ; ಉಣ್ಣುವಾಗ ಅವನಿಗೆ ತಿಳಿದಿರಬೇಕೆಂಬ ನಿಯಮವಿಲ್ಲ. ಹುಟ್ಟುವಾಗಲೇ ಮನುಷ್ಯನ ಮೇಲೆ ಮೂರು ಋಣಗಳಿವೆಯೆಂದು ಶಾಸ್ತ್ರಗಳು ಹೇಳಿದಾಗ, ಹಸುಗೂಸನ್ನು ಯಾರೂ ಅಪರಾಧಿಯೆಂದು ತಿಳಿಯಲಿಲ್ಲ. ಹೆನ್ರಿಯೆಟಾ ಹೋವರ್ಡಳನ್ನು ಪಾಪಿಯೆಂದು ಕರೆಯುವುದಕ್ಕೆ ಇಂದಿನವರು ಆತುರಪಡಬೇಕಾಗಿಲ್ಲ. ಆಕೆಯ ಮನೆಯನ್ನು ಋಣರಹಿತವೆಂದು ಹೊಗಳುವುದಕ್ಕೂ ಅಧಿಕಾರವಿಲ್ಲ. ಕೆಲವರು, ಹಾಗಾದರೆ ಆ ದೊಡ್ಡ ಕೋಣೆಯ ಸೌಂದರ್ಯವೇ ಸುಳ್ಳೆಂದು ಹೇಳಿಬಿಡುತ್ತಾರೆ. ಅದು ಧೈರ್ಯದ ಮಾತಿನಂತೆ ಕಂಡರೂ ಲೆಕ್ಕದಿಂದ ತಪ್ಪಿಸಿಕೊಳ್ಳುವ ಇನ್ನೊಂದು ಉಪಾಯವೇ. ಕೋಣೆಯು ಕುರೂಪವಾಗಿದ್ದರೆ ಋಣವು ಎಲ್ಲಿ? ಕೆಟ್ಟ ಊಟಕ್ಕೆ ಯಾರೂ ಋಣಿಗಳಾಗುವುದಿಲ್ಲ. ಅದು ನಿಜವಾಗಿಯೂ ಸುಂದರವಾಗಿರುವುದರಿಂದಲೇ, ನೋಡಿದವನ ಮನಸ್ಸಿಗೆ ನಿಜವಾಗಿಯೂ ಸಮಾಧಾನವನ್ನು ಕೊಡುವುದರಿಂದಲೇ, ಕೊಟ್ಟವರು ಯಾರೆಂದು ಕೇಳಬೇಕಾಗುತ್ತದೆ. ಕಾಂಟನು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದ್ದು ಸರಿ. ಒಂದಕ್ಕೆ ಉತ್ತರ ಕೊಟ್ಟವನು ಇನ್ನೊಂದರಿಂದ ಬಿಡುಗಡೆಯಾದನೆಂದು ಮಾತ್ರ ಅವನೂ ಹೇಳಲಿಲ್ಲ.

ಆ ದೊಡ್ಡ ಕೋಣೆಯ ಬಾಗಿಲುಗಳ ಮೇಲೆಯೂ ಒಲೆಯ ಮೇಲೆಯೂ ಪಾನಿನಿ ಎಂಬ ಇಟಲಿಯ ಚಿತ್ರಗಾರನು ೧೭೩೮ರಲ್ಲಿ ಬರೆದ ಚಿತ್ರಗಳಿವೆ. ಅವುಗಳ ವಸ್ತುವು ರೋಮಿನ ಭಗ್ನವಾದ ಕಟ್ಟಡಗಳು. ಗುಲಾಮರಿಂದ ಕಟ್ಟಿಸಿದ ಇನ್ನೊಂದು ಸಾಮ್ರಾಜ್ಯದ ಮುರಿದ ಕಂಬಗಳನ್ನು ಗೋಡೆಗೆ ಹಾಕಿಕೊಂಡು ಅತಿಥಿಗಳು ಚಹವನ್ನು ಕುಡಿದರು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಮನೆಗೆ ಗಂಡಾಂತರವೊದಗಿತು. ೧೮೯೮ರಲ್ಲಿ ಇದನ್ನು ಕೊಂಡವರು ತೋಟವನ್ನು ಸಾಲುಮನೆಗಳ ನಿವೇಶನಗಳಾಗಿ ಹಂಚಲು ಹೊರಟರು. ಊರಿನವರು ಪ್ರತಿಭಟಿಸಿದರು, ೧೯೦೨ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನೇ ಮಾಡಿ, ಎದುರಿನ ರಿಚ್ಮಂಡ್ ಗುಡ್ಡದ ಮೇಲಿನಿಂದ ಕಾಣುವ ನೋಟವನ್ನು ಉಳಿಸಿತು. ಮನೆಗಿಂತ ಹೆಚ್ಚಾಗಿ ನೋಟಕ್ಕಾಗಿ ಹೋರಾಟ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. ದೂರದಿಂದ ಕಾಣುವ ಬಿಳಿಯ ಗೋಡೆ ಸಾಕಾಗಿತ್ತು. ೧೯೦೩ರಲ್ಲಿ ತೋಟವು ಸಾರ್ವಜನಿಕರದಾಯಿತು. ೧೯೬೬ರಲ್ಲಿ ಮನೆಯು ವಸ್ತುಸಂಗ್ರಹಾಲಯವಾಯಿತು. ೧೯೮೬ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವಶಕ್ಕೆ ಬಂದಿತು. ದುರಸ್ತಿಗಳು ಮುಗಿದು ೨೦೨೨ರಲ್ಲಿ ಮತ್ತೆ ತೆರೆದಾಗ ಪ್ರವೇಶಶುಲ್ಕವನ್ನು ತೆಗೆದುಹಾಕಿದರು. ಸೌತ್ ಸೀ ಕಂಪನಿಯ ಸಂಬಂಧವನ್ನೂ ಮಹಾಗನಿಯ ಮೂಲವನ್ನೂ ಸಂಸ್ಥೆಯವರೇ ಶೋಧಿಸಿ ತಿಳಿಸಿದ್ದಾರೆ. ಅಡಿಗೆಮನೆಯೂ ಸೇವಕರ ಕೋಣೆಗಳೂ ಇದ್ದ ಪಕ್ಕದ ಕಟ್ಟಡವು ಮಾತ್ರ ಇಂದು ಉಳಿದಿಲ್ಲ. ಹಿಂದೆಯೇ ಅದನ್ನು ಕೆಡವಿಬಿಟ್ಟರು.

ಈಗ ೬೬ ಎಕರೆಗಳ ಆ ಬಯಲಿನಲ್ಲಿ ಸುತ್ತಲಿನ ಹುಡುಗರು ಚೆಂಡಾಡುತ್ತಾರೆ. ಬಾಗಿಲು ತೆರೆದಿರುವ ದಿನಗಳಲ್ಲಿ ಬೇಕಾದವರು ನಾಲ್ಕು ಕಂಬಗಳ ನಡುಮನೆಯನ್ನು ದಾಟಿ ಮಹಾಗನಿಯ ಮೆಟ್ಟಲನ್ನು ಹತ್ತಬಹುದು. ಮೂರು ಶತಮಾನಗಳಿಂದ ಅಂಗೈಗಳು ಸವರಿದ ಕಟಕಟೆಯು ಕಪ್ಪಾಗಿ ನುಣುಪಾಗಿದೆ. ಮೇಲೆ, ೨೪ ಅಡಿಗಳ ಕೋಣೆಯ ಕಿಟಕಿಯಲ್ಲಿ ನಿಂತರೆ ಥೇಮ್ಸ್ ನದಿಯು ಲಂಡನ್ನಿನ ಹಡಗುಕಟ್ಟೆಗಳ ಕಡೆಗೆ ಹರಿಯುವುದು ಕಾಣುತ್ತದೆ.